ಶಿಕಾಗೊಗೆ ಹೋಗಿ ನ್ಯೂಯಾರ್ಕ್ ಪಿಜ್ಜಾ ಹುಡುಕಬೇಡಿ

ನ್ಯೂಜೆರ್ಸಿಯ ಎಡಿಸನ್‌ನಿಂದ ಶಿಕಾಗೊಗೆ ಮನೆ ಬದಲಿಸುತ್ತಿದ್ದೀರಿ, ಮನೆಮಂದಿಯೆಲ್ಲ ಸಸ್ಯಾಹಾರಿಗಳು, ಅಲ್ಲಿ ನ್ಯೂಯಾರ್ಕ್ ಥರದ ಪಿಜ್ಜಾ ಮತ್ತು ‘ಅಸಲಿ’ ಮೆಕ್ಸಿಕನ್ ಊಟ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ನಾನೂ ನ್ಯೂಜೆರ್ಸಿಯಿಂದ ಇದೇ ಪ್ರಶ್ನೆ ಹೊತ್ತುಕೊಂಡು ಇದೇ ಊರಿಗೆ ಬಂದವನು. ಅಂಗಡಿಗಳ ಹೆಸರು ಆಮೇಲೆ ಹೇಳುತ್ತೇನೆ. ನಿಮ್ಮ ಅತ್ತೆ-ಮಾವ ಬೇಸಿಗೆಗೆ ಬರುತ್ತಾರೆ ಎಂದು ಕೊನೆಯ ಸಾಲಿನಲ್ಲಿ ಬರೆದಿದ್ದೀರಲ್ಲ, ಅದಕ್ಕೆ ಮೊದಲು ನಮ್ಮಮ್ಮನ ವಿಷಯ ಹೇಳಬೇಕು.

ನ್ಯೂಜೆರ್ಸಿಯಲ್ಲಿ ಕೆಲವು ವರ್ಷ ಇದ್ದವರಿಗೆ ಪಿಜ್ಜಾ ಅಂದರೆ ಹೀಗೇ ಇರಬೇಕು ಎಂಬ ಹಟ ಅಂಟಿಕೊಳ್ಳುತ್ತದೆ. ತೆಳ್ಳಗೆ, ಅಗಲವಾಗಿ, ಮಡಚಿ ತಿನ್ನುವಂತಿರಬೇಕು, ಎಣ್ಣೆ ಮಣಿಕಟ್ಟಿಗೆ ಇಳಿಯಬೇಕು. 1905ರಲ್ಲಿ ಲೊಂಬಾರ್ಡಿಯವರು ನ್ಯೂಯಾರ್ಕಿನಲ್ಲಿ ಶುರು ಮಾಡಿದ ಕಸುಬು, ಅದಕ್ಕೆ ಮೀರಿದ್ದಿಲ್ಲ ಎಂದು ನಾನೂ ವಾದ ಮಾಡಿದವನೇ. ಆ ಪಿಜ್ಜಾದಲ್ಲಿ ಹಾಕಿದ್ದೆಲ್ಲ ಮೇಲೆ ಕಾಣುತ್ತದೆ. ಮೇಲೆ ಏನೂ ಕಾಣದಿದ್ದರೆ ಒಳಗೂ ಏನಿಲ್ಲ. ನನಗೆ ಕೈಕೊಟ್ಟದ್ದು ಈ ನಂಬಿಕೆಯೇ.

ಶಿಕಾಗೊಗೆ ಬಂದ ಮೊದಲ ಬೇಸಿಗೆಯಲ್ಲಿ ಅಮ್ಮ ದಾವಣಗೆರೆಯಿಂದ ಬಂದಿದ್ದಳು. ಒಂದು ಭಾನುವಾರ ಆಫೀಸಿನ ಇಬ್ಬರನ್ನು ಊಟಕ್ಕೆ ಕರೆದೆ. ಊರಿನ ಹೆಸರುವಾಸಿ ಡೀಪ್ ಡಿಶ್ ಪಿಜ್ಜಾ ಅಮ್ಮನಿಗೂ ರುಚಿ ತೋರಿಸೋಣ ಎಂದು ಎರಡು ತಂದೆ. ಒಂದು ಬರೀ ಚೀಸಿನದು, ಇನ್ನೊಂದು ಬಂದವರಿಗೆಂದು ಹಂದಿ ಮಾಂಸದ ಸಾಸೇಜ್ ಹಾಕಿದ್ದು. ಅಂಗಡಿಯವರ ತಪ್ಪು ಎಳ್ಳಷ್ಟೂ ಇಲ್ಲ, ಡಬ್ಬಿಗಳ ಮೇಲೆ ಚೀಟಿ ಅಂಟಿಸಿಯೇ ಕೊಟ್ಟಿದ್ದರು. ರಟ್ಟಿನ ಡಬ್ಬಿಯಲ್ಲಿ ಬಡಿಸುವುದು ಚೆನ್ನಾಗಿರದು ಎಂದು ಎರಡನ್ನೂ ದೊಡ್ಡ ಸ್ಟೀಲ್ ತಟ್ಟೆಗಳಿಗೆ ಜಾರಿಸಿ, ಡಬ್ಬಿ ಹರಿದು ಕಸಕ್ಕೆ ಹಾಕಿದವನು ನಾನು.

ಡೀಪ್ ಡಿಶ್ ಹೇಗೆ ಕಟ್ಟುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಎತ್ತರದ ಅಂಚಿನ ಬಾಣಲೆಯಲ್ಲಿ ಹಿಟ್ಟನ್ನು ಗೋಡೆಯವರೆಗೆ ಒತ್ತುತ್ತಾರೆ. ಅದರ ಮೇಲೆ ಮೊದಲು ಚೀಸ್, ಆಮೇಲೆ ಹೂರಣ, ಎಲ್ಲಕ್ಕಿಂತ ಮೇಲೆ ಟೊಮೆಟೊ. ಇದು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೇಯಬೇಕು, ಚೀಸ್ ಮೇಲಿದ್ದರೆ ಸೀದುಹೋಗುತ್ತದೆ, ಅದಕ್ಕೇ ಈ ತಲೆಕೆಳಗು. ಸಾಸೇಜನ್ನು ಚೂರು ಮಾಡಿ ಉದುರಿಸದೆ, ತಟ್ಟಿ ಬಿಲ್ಲೆಯಂತೆ ಇಡೀ ಪಿಜ್ಜಾದ ಅಗಲಕ್ಕೆ ಹಾಸುವ ಅಂಗಡಿಗಳೂ ಇವೆ. ಮೇಲಿನಿಂದ ನೋಡಿದರೆ ಬರೀ ಕೆಂಪು.

ನನ್ನ ಮುಂದೆ ಎರಡು ಕೆಂಪು ತಟ್ಟೆ. ಒಂದರ ಮೇಲೆ ಅಲ್ಲಲ್ಲಿ ಕಂದು ಚೂರು ಕಂಡವು. ಸಾಸೇಜ್ ಇದೇ ಎಂದು ಅದನ್ನು ಗೆಳೆಯರ ಕಡೆಗೆ ಸರಿಸಿದೆ. ಆ ಕಂದು, ಮೇಲೆ ಉದುರಿಸಿದ್ದ ಚೀಸ್ ಹುರಿದು ಆದದ್ದು. ಒಂದು ಚಾಕು ತಗೊಂಡು ಕೊಯ್ದು ನೋಡಿದ್ದರೆ ಮುಗಿಯುತ್ತಿತ್ತು. ಅಡ್ಡಡ್ಡ ಕೊಯ್ದರೆ ಪದರ ಪದರವಾಗಿ ಕಾಣುತ್ತದೆ, ಮಗುವಿಗೂ ಗೊತ್ತಾಗುತ್ತದೆ. ಕೊಯ್ದದ್ದು ಬಡಿಸುವಾಗಲೇ, ಆಗ ನನ್ನ ಕಣ್ಣು ಬಂದವರ ಲೋಟದ ಮೇಲಿತ್ತು.

ಅಮ್ಮ ತಿಂದಳು. ಇನ್ನೊಂದು ತುಂಡು ಹಾಕಿಸಿಕೊಂಡಳು. “ಸೋಂಪು ಹಾಕ್ಯಾರೆ, ಚೆನ್ನಾಗೈತೆ. ಒಳಗೆ ಗಟ್ಟಿ ಐತಲ್ಲ, ಸೋಯಾನಾ?” ಎಂದಳು. ನನ್ನ ಹೆಂಡತಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಶಿಕಾಗೊದಲ್ಲೇ ಹುಟ್ಟಿ ಬೆಳೆದ ಗೆಳೆಯ ಚಮಚ ಕೆಳಗಿಟ್ಟ. ಈ ಊರಿನ ಹಂದಿ ಸಾಸೇಜಿನ ಗುರುತೇ ಸೋಂಪು.

ಅಮ್ಮ ಕೂಗಾಡಲಿಲ್ಲ. ಎದ್ದು ಹೋಗಿ ಸ್ನಾನ ಮಾಡಿದಳು. ಊರಿಗೆ ಹೊರಡುವವರೆಗೆ ಹೊರಗಿನ ಒಂದು ಹನಿ ಕಾಫಿಯನ್ನೂ ಮುಟ್ಟಲಿಲ್ಲ. ನಯಾಗರಕ್ಕೆ ಹೋದಾಗ ಕಾರಿನಲ್ಲಿ ಕುಕ್ಕರ್, ಅವಲಕ್ಕಿ, ಶೇಂಗಾ ಚಟ್ನಿಪುಡಿ. ಕನ್ನಡ ಕೂಟದ ಊಟದಲ್ಲೂ ಬಾಳೆಹಣ್ಣು ಮಾತ್ರ. ಆಮೇಲೆ ಇನ್ನೊಮ್ಮೆ ಬಾ ಎಂದು ಎಷ್ಟು ಕರೆದರೂ ಅವಳು ಅಮೆರಿಕಕ್ಕೆ ಬಂದಿಲ್ಲ. ಮಂಡಿನೋವು ಅನ್ನುತ್ತಾಳೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಶಿಕಾಗೊದಲ್ಲಿ ನ್ಯೂಯಾರ್ಕ್ ಸ್ಲೈಸ್ ಸಿಗುವುದಿಲ್ಲವೇ? ಸಿಗುತ್ತದೆ. ತಿಂದು ಗೊಣಗುತ್ತೀರಿ, ಅಷ್ಟೇ. ಹಾಗಂತ ಡೀಪ್ ಡಿಶ್ಶನ್ನೇ ಈ ಊರಿನ ದಿನದ ಪಿಜ್ಜಾ ಎಂದುಕೊಳ್ಳಬೇಡಿ. ಅದು 1943ರಲ್ಲಿ ಡೌನ್‌ಟೌನಿನ ಪಿಜ್ಜೇರಿಯಾ ಉನೊದಲ್ಲಿ ಹುಟ್ಟಿತು, ಅದನ್ನು ಮೊದಲು ಮಾಡಿದವರು ಯಾರು ಎಂಬ ಜಗಳ ಇನ್ನೂ ಮುಗಿದಿಲ್ಲ. ಊರಿನವರು ಅದನ್ನು ತಿನ್ನುವುದು ಹೊರಗಿನಿಂದ ನೆಂಟರು ಬಂದಾಗ. ಮಾಮೂಲಿ ಶುಕ್ರವಾರ ಅವರು ತರಿಸುವುದು ಟ್ಯಾವರ್ನ್ ಸ್ಟೈಲ್. ಹಪ್ಪಳದಂತೆ ತೆಳು, ಕಟಕಟ ಅನ್ನುತ್ತದೆ, ದುಂಡನೆಯ ಪಿಜ್ಜಾವನ್ನು ಚೌಕ ಚೌಕವಾಗಿ ಕೊಯ್ದಿರುತ್ತಾರೆ. ಬಾರುಗಳಲ್ಲಿ ಬಿಯರ್ ಜೊತೆ, ಒಂದು ಕೈಯಲ್ಲಿ ಎತ್ತಿ ತಿನ್ನಲು ಕೊಡುತ್ತಿದ್ದ ಪಿಜ್ಜಾ ಅದು. ದಕ್ಷಿಣ ಭಾಗದ ಪುಲಾಸ್ಕಿ ರಸ್ತೆಯಲ್ಲಿ ವೀಟೊ ಅಂಡ್ ನಿಕ್ಸ್ ಇದೆ. 31ನೇ ಸ್ಟ್ರೀಟಿನಲ್ಲಿ ಹೋಮ್ ರನ್ ಇನ್ ಇದೆ. 1923ರಲ್ಲಿ ಬಾರಾಗಿ ಶುರುವಾಗಿ, 1947ರಿಂದ ಪಿಜ್ಜಾ ಮಾಡುತ್ತಿದ್ದಾರೆ. ಎದುರಿನ ಮೈದಾನದಿಂದ ಬೇಸ್‌ಬಾಲ್ ಬಂದು ಕಿಟಕಿ ಒಡೆದದ್ದಕ್ಕೆ ಆ ಹೆಸರು ಎನ್ನುತ್ತಾರೆ. ಸಸ್ಯಾಹಾರಿಗಳು ಚೀಸ್ ಮೇಲೆ ಜಾರ್ದಿನಿಯೇರಾ ಹಾಕಿಸಿಕೊಳ್ಳಿ. ಹೂಕೋಸು, ಕ್ಯಾರೆಟ್, ಸೆಲರಿ, ಖಾರದ ಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ನೆನೆಹಾಕಿದ ಉಪ್ಪಿನಕಾಯಿ, ಶಿಕಾಗೊದವರಿಗೆ ಇದಿಲ್ಲದೆ ನಡೆಯದು. 

ನೀವು ಚೀಸಿನ ವಿಷಯದಲ್ಲೂ ಕಟ್ಟುನಿಟ್ಟಿನವರಾದರೆ ಒಂದು ಮಾತು. ಅಸಲಿ ಪಾರ್ಮಿಜಾನೊ ರೆಜ್ಜಾನೊ ಎಂಬ ಇಟಲಿಯ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಒಡೆಸುವ ರೆನೆಟ್ ಹಾಕಲೇಬೇಕೆಂಬ ನಿಯಮವಿದೆ. ‘ಅಸಲಿ’ ಎನ್ನುವ ಮಾತಿನ ಮೇಲೆ ನನಗೆ ಸಿಟ್ಟಿರುವುದು ಇಂಥದ್ದಕ್ಕೇ.

ಮೆಕ್ಸಿಕನ್ ಊಟದಲ್ಲಂತೂ ಅಸಲಿ ಬೇಕೋ ಸಸ್ಯಾಹಾರ ಬೇಕೋ ಎಂದು ಮನೆಯಲ್ಲೇ ತೀರ್ಮಾನಿಸಿಕೊಂಡು ಹೊರಡಿ. ಎರಡೂ ಬೇಕು ಅಂದರೆ ಹೆಚ್ಚಿನ ಕಡೆ ಒಂದನ್ನು ಬಿಡಬೇಕಾಗುತ್ತದೆ. ಶಿಕಾಗೊ ಹೆಮ್ಮೆಪಡುವ ಮೆಕ್ಸಿಕನ್ ಅಂಗಡಿಗಳು ಮಾಂಸದವು. ಪಿಲ್ಸೆನ್ ಬಡಾವಣೆಯ ಕಾರ್ನಿತಾಸ್ ಉರುವಾಪನ್ 1975ರಿಂದ ಹಂದಿ ಮಾಂಸವನ್ನು ಮೆಕ್ಸಿಕೊದ ಮಿಚೊವಾಕಾನ್ ರಾಜ್ಯದ ಪದ್ಧತಿಯಲ್ಲಿ ಬೇಯಿಸುತ್ತಿದೆ. ಬಿರಿಯೇರಿಯಾ ಸರಗೊಸಾದಲ್ಲಿ ಹಲಿಸ್ಕೊ ರಾಜ್ಯದ ಕಡೆಯ ಬಿರಿಯಾ, ಅಂದರೆ ಮಸಾಲೆಯಲ್ಲಿ ಬೇಯಿಸಿದ ಮೇಕೆ ಮಾಂಸ. ಅಲ್ಲಿ ಸಸ್ಯಾಹಾರಿಗೆ ಮಾಡುವ ಕೆಲಸ ಹೆಚ್ಚಿಲ್ಲ. ಆದರೂ ಇವುಗಳಿಂದ ಕಲಿಯುವುದಿದೆ: ಇವರು ಇಡೀ ದೇಶದ ಅಡುಗೆ ಮಾರುವುದಿಲ್ಲ, ತಮ್ಮೂರಿನದನ್ನು ಮಾರುತ್ತಾರೆ. ನಮ್ಮ ದಾವಣಗೆರೆ ಬೆಣ್ಣೆ ದೋಸೆಯ ಹಾಗೆಯೇ. ಬೆಂಗಳೂರಿನ ಬೀದಿಬೀದಿಯಲ್ಲಿ ಆ ಬೋರ್ಡು ಕಂಡರೆ ನಾನು ಒಳಗೆ ಹೋಗುವ ಮೊದಲು ಕಾವಲಿ ಮುಂದೆ ನಿಂತವನು ಯಾವೂರಿನವನು ಎಂದು ಕೇಳುತ್ತೇನೆ, ಗೂಗಲ್‌ನ ಚುಕ್ಕಿ ನೋಡುವುದಿಲ್ಲ.

ಶಿಕಾಗೊಗೆ ಮೆಕ್ಸಿಕನ್ನರು ಬಂದು ನೂರು ವರ್ಷವಾಯಿತು. ರೈಲು ಹಳಿ, ಉಕ್ಕಿನ ಕಾರ್ಖಾನೆ, ಕಸಾಯಿಖಾನೆಗಳ ಕೂಲಿಗೆ ಬಂದವರು. 1960ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಾಗಿ ಹತ್ತಿರದ ಓಣಿಗಳನ್ನು ಕೆಡವಿದಾಗ ಹಲವರು ಪಿಲ್ಸೆನ್‌ಗೆ ಸರಿದರು. ಅದು ಮೊದಲು ಚೆಕ್ ಜನರ ಪೇಟೆ, ಹೆಸರೂ ಅವರದೇ. ಈಗ 18ನೇ ಸ್ಟ್ರೀಟ್, ಅದರಾಚೆ ಲಿಟಲ್ ವಿಲೇಜಿನ 26ನೇ ಸ್ಟ್ರೀಟ್, ಎರಡೂ ನೀವು ಹೋಗಲೇಬೇಕಾದ ಬೀದಿಗಳು. ಡೌನ್‌ಟೌನಿನ ಫ್ರಾಂಟೆರಾ ಗ್ರಿಲ್ ಕೂಡ ಕೆಟ್ಟದ್ದಲ್ಲ. 1987ರಲ್ಲಿ ಅದನ್ನು ತೆರೆದ ರಿಕ್ ಬೇಲೆಸ್ ಒಕ್ಲಹೋಮಾದವರು, ಮೆಕ್ಸಿಕನ್ನರೇ ಅಲ್ಲ. ಅವರ ಅಡುಗೆ ಅಸಲಿಯೋ ಅಲ್ಲವೋ ಎಂದು ಜಗಳವಾಡುವವರು ಆಡಲಿ. ನನಗೆ ಮುಖ್ಯವಾದದ್ದು ಬೇರೆ: ಅಲ್ಲಿ ಬಡಿಸುವವರನ್ನು ಏನು ಬೇಕಾದರೂ ಕೇಳಬಹುದು, ಅವರು ಅಡುಗೆಮನೆಗೆ ಹೋಗಿ ವಿಚಾರಿಸಿ ಬರುತ್ತಾರೆ.

ಡೀಪ್ ಡಿಶ್‌ನ ಸಾಸೇಜಿನಂತೆ ಇಲ್ಲೂ ಮಾಂಸ ಕಾಣದ ಕಡೆ ಕೂತಿರುತ್ತದೆ. ಅರೆದು ಹುರಿದ ಬೀನ್ಸ್‌ಗೆ ಹಂದಿ ಕೊಬ್ಬು. ಕೆಂಪನ್ನದ ಅಕ್ಕಿ ಬೇಯಿಸಲು ಕೋಳಿ ಸಾರು. ತಮಾಲೆ ಅಂದರೆ ಮೆಕ್ಕೆಜೋಳದ ಹಿಟ್ಟಿನ ಕಡುಬು, ಅದರೊಳಗೆ ಬರೀ ಮೆಣಸಿನಕಾಯಿ, ಚೀಸ್ ಇದ್ದರೂ ಹೊರಗಿನ ಹಿಟ್ಟನ್ನು ಕೊಬ್ಬಿನಲ್ಲೇ ಕಲಸಿರುತ್ತಾರೆ. “ಮಾಂಸ ಇದೆಯಾ?” ಎಂದು ಕೇಳಿದರೆ “ಇಲ್ಲ” ಎಂಬ ಪ್ರಾಮಾಣಿಕ ಉತ್ತರವೇ ಬರುತ್ತದೆ, ಅವರ ಲೆಕ್ಕದಲ್ಲಿ ಕೊಬ್ಬು, ಸಾರು ಮಾಂಸವಲ್ಲ. ಹಾಗಾಗಿ ಒಂದೊಂದನ್ನೂ ಹೆಸರು ಹಿಡಿದು ಸ್ಪ್ಯಾನಿಷ್‌ನಲ್ಲೇ ಕೇಳಿ: “ಯೇವಾ ಮಾಂತೇಕಾ?” ಅಂದರೆ ಕೊಬ್ಬು ಹಾಕಿದ್ದೀರಾ, “ಕಾಲ್ದೊ ದೆ ಪೊಯೊ?” ಅಂದರೆ ಕೋಳಿ ಸಾರು ಹಾಕಿದ್ದೀರಾ. ನಿಮ್ಮ ಉಚ್ಚಾರ ಕೇಳಿ ನಗುತ್ತಾರೆ, ಉತ್ತರ ಸರಿಯಾಗಿ ಕೊಡುತ್ತಾರೆ.

ಹಂದಿ, ದನ ಎರಡೂ ಮೆಕ್ಸಿಕೊಗೆ ಹೋದದ್ದು ಸ್ಪೇನಿನವರ ಹಡಗಿನಲ್ಲಿ, 16ನೇ ಶತಮಾನದಲ್ಲಿ. ಅದಕ್ಕೂ ಮುಂಚಿನದು ಮೆಕ್ಕೆಜೋಳ, ಹುರುಳಿಕಾಯಿಯ ಕಾಳು, ಕುಂಬಳ, ಪಾಪಾಸುಕಳ್ಳಿ. ಆದ್ದರಿಂದ ನೊಪಾಲೆಸ್, ಅಂದರೆ ಪಾಪಾಸುಕಳ್ಳಿಯ ಪಲ್ಯ ಹಾಕಿದ ಟಾಕೊ, ಕುಂಬಳ ಹೂವಿನ ಕೆಸಡಿಯಾ (ಚೀಸ್ ತುಂಬಿ ಮಡಚಿದ ರೊಟ್ಟಿ) ಕೇಳಲು ನಾಚಬೇಡಿ, ಯಾರೂ ನಿಮ್ಮನ್ನು ಅರ್ಧ ಗಿರಾಕಿ ಎಂದುಕೊಳ್ಳುವುದಿಲ್ಲ. 1950ರಿಂದ ಇಲ್ಲಿ ಟೊರ್ಟಿಯಾ, ಅಂದರೆ ಮೆಕ್ಸಿಕನ್ ರೊಟ್ಟಿ ಮಾಡುತ್ತಿರುವ ಎಲ್ ಮಿಲಾಗ್ರೊದಲ್ಲಿ ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಟೊರ್ಟಿಯಾ ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಮನೆಗೆ ತಂದು ಎಣ್ಣೆಗಾಯಿ ಜೊತೆ ತಿನ್ನಿ. ಅದೂ ಬೇಡ, ಯಾರನ್ನೂ ಏನೂ ಕೇಳದೆ ತಿನ್ನಬೇಕು ಅನ್ನುವ ದಿನ ಚಿಪೊಟ್ಲೆ ಎಂಬ ಸರಣಿ ಹೋಟೆಲಿಗೆ ಹೋಗಿ, ಅಲ್ಲಿನ ಬೀನ್ಸ್‌ಗೆ ಕೊಬ್ಬು ಹಾಕುವುದಿಲ್ಲ. ಡೆನ್ವರ್‌ನಲ್ಲಿ ಹುಟ್ಟಿದ ಅಂಗಡಿ ಎಂದು ಯಾರಾದರೂ ಮೂಗು ಮುರಿದರೆ ಮುರಿಯಲಿ.

ಅತ್ತೆ-ಮಾವ ಬಂದಾಗ ಮೊದಲ ವಾರ ಮನೆಯಲ್ಲೇ ಅಡುಗೆ ಮಾಡಿ. ಆಮೇಲೆ 26ನೇ ಸ್ಟ್ರೀಟಿಗೆ ಕರೆದುಕೊಂಡು ಹೋಗಿ, ಗಾಡಿಯಲ್ಲಿ ಬೇಯಿಸಿದ ಮೆಕ್ಕೆಜೋಳದ ತೆನೆ ಮಾರುತ್ತಾರೆ, ನಿಂಬೆರಸ, ಖಾರಪುಡಿ ಹಾಕಿಸಿ ಕೊಡಿಸಿ. ಅವರು ಮೊಟ್ಟೆ ತಿನ್ನದವರಾದರೆ ಗಾಡಿಯವರು ಮಯೊನೇಸ್ ಡಬ್ಬಿಗೆ ಕೈ ಹಾಕುವ ಮೊದಲೇ “ಸಿನ್ ಮಯೊನೇಸಾ”, ಅಂದರೆ ಮಯೊನೇಸ್ ಬೇಡ ಎಂದು ಕೂಗಿಬಿಡಿ, ಅವರ ಕೈ ಬಹಳ ಚುರುಕು.