ದಾವಣಗೆರೆಯ ನಮ್ಮ ಸಿದ್ಧ ಉಡುಪು ಘಟಕದಲ್ಲಿ ಕೆಲಸಗಾರರು ನಿಲ್ಲುತ್ತಿಲ್ಲ. ದತ್ತಾಂಶದಿಂದ ಕಾರಣ ತಿಳಿಯಬಹುದೇ?

ತಿಳಿಯಬಹುದು. ದುಬಾರಿ ತಂತ್ರಾಂಶ ಬೇಡ. ಹಾಜರಿ ಪುಸ್ತಕ ಮತ್ತು ಸಂಬಳದ ಪಟ್ಟಿ ಒಂದು ಎಕ್ಸೆಲ್ ಹಾಳೆಗೆ ಬಂದರೆ ಸಾಕು.

ಸರಾಸರಿ 150 ಮಂದಿಯಿರುವ ಘಟಕದಿಂದ ವರ್ಷಕ್ಕೆ 30 ಮಂದಿ ಹೋದರೆ ಬಿಟ್ಟುಹೋಗುವ ಪ್ರಮಾಣ ಶೇ 20. ಆದರೆ ಈ ಒಂಟಿ ಅಂಕಿ ಕಾರಣ ಹೇಳುವುದಿಲ್ಲ, ಅದನ್ನು ಒಡೆದು ನೋಡಬೇಕು. ಸೇರಿದ ಮೂರೇ ತಿಂಗಳಲ್ಲಿ ಹೋಗುತ್ತಿದ್ದರೆ ನೇಮಕಾತಿ, ತರಬೇತಿಗಳನ್ನು ಪರಿಶೀಲಿಸಿ. ಹರಿಹರ, ಹೊನ್ನಾಳಿ ಕಡೆಯಿಂದ ಬರುವವರೇ ಹೆಚ್ಚಾಗಿ ಬಿಡುತ್ತಿದ್ದರೆ, ಸಂಬಳದ ಮಾತಿಗೆ ಮೊದಲು ಪಾಳಿಯ ವೇಳೆಗೂ ಬಸ್ಸಿನ ವೇಳೆಗೂ ಹೊಂದಿಕೆಯಿದೆಯೇ ನೋಡಿ. ಒಬ್ಬರೇ ಮೇಲ್ವಿಚಾರಕರ ಹೊಲಿಗೆ ಸಾಲಿನಿಂದ ಪದೇ ಪದೇ ಹೋಗುತ್ತಿದ್ದಾರೆಯೇ? ಇದನ್ನು ಹಗುರವಾಗಿ ಕಾಣಬೇಡಿ. ಗೂಗಲ್ 2009ರ ಸುಮಾರಿಗೆ ತನ್ನದೇ ಸಮೀಕ್ಷೆ ಮತ್ತು ಮೌಲ್ಯಮಾಪನಗಳನ್ನು ಜಾಲಾಡಿದಾಗ, ಒಳ್ಳೆಯ ವ್ಯವಸ್ಥಾಪಕರ ಮೊದಲ ಗುಣವಾಗಿ ಕಂಡದ್ದು ತಾಂತ್ರಿಕ ಜಾಣ್ಮೆಯಲ್ಲ, ಕೈಹಿಡಿದು ಕಲಿಸುವ ಸ್ವಭಾವ.

ಒಂದು ಎಚ್ಚರಿಕೆ: ಹತ್ತು ಜನರ ಸಾಲಿನಲ್ಲಿ ಇಬ್ಬರು ಹೋದರೂ ಶೇ 20 ಆಗುತ್ತದೆ. ಅಷ್ಟಕ್ಕೇ ಯಾರ ಮೇಲೂ ತಪ್ಪು ಹೊರಿಸಬೇಡಿ. ಅಂಕಿ ಎಲ್ಲಿ ಕೇಳಬೇಕೆಂದು ತೋರಿಸುತ್ತದೆ. ಬಿಟ್ಟುಹೋದವರಿಗೆ ಫೋನ್ ಮಾಡಿ ಕಾರಣ ಕೇಳಬೇಕಾದವರು ನೀವೇ.