"ಹೊಗೆ ಹೊಡೆಸಿ ಮೇಡಂ"

ಬಯಲುಸೀಮೆಯ ಒಂದು ನಗರಸಭೆ. ಅಲ್ಲಿನ ಪರಿಸರ ಎಂಜಿನಿಯರ್, ಮೂವತ್ತು ದಾಟಿದ ಹೆಣ್ಣುಮಗಳು. ಕಸ, ಚರಂಡಿ, ಸೊಳ್ಳೆ, ಬೀದಿನಾಯಿ, ಹೋಟೆಲಿನ ಅಡುಗೆಮನೆ, ಎಲ್ಲದಕ್ಕೂ ಜನ ಹುಡುಕುವುದು ಅವರನ್ನೇ. ಊರೆಲ್ಲ ಅವರನ್ನು ಮೇಡಂ ಅನ್ನುತ್ತದೆ, ನಾನೂ ಹಾಗೇ ಬರೆಯುತ್ತೇನೆ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ. ಅವರು ಓದಿ ಒಪ್ಪಿದ ಮೇಲೆಯೇ ಇದು ನಿಮ್ಮ ಮುಂದೆ ಬಂದಿದೆ.

"ಫೋನ್ ರಿಂಗಾದ್ರೆ ಎದೆ ಹೊಡ್ಕೊಳ್ಳುತ್ತೆ" ಎಂಬುದು ಅವರ ದೂರು. ಇಸಿಜಿ, ಥೈರಾಯ್ಡ್ ಎರಡೂ ಸರಿ ಇವೆ ಎಂದು ಡಾಕ್ಟರು ಮನಸ್ಸಿನ ಸಮಾಲೋಚನೆಗೆ ನನ್ನ ಬಳಿ ಕಳಿಸಿದ್ದರು. ಬೆಳಗಿನ ಐದೂವರೆಗೆ ಪೌರಕಾರ್ಮಿಕರ ಹಾಜರಿಯಿಂದ ಅವರ ದಿನ ಶುರು. ರಾತ್ರಿ ಹನ್ನೊಂದಾದರೂ ವಾರ್ಡಿನ ವಾಟ್ಸಾಪ್ ಗುಂಪುಗಳಲ್ಲಿ ಕಸದ ಫೋಟೋ ಬೀಳುತ್ತಲೇ ಇರುತ್ತವೆ. ಕೆಲಸ ಜಾಸ್ತಿ, ನಿದ್ದೆ ಕಡಿಮೆ, ಅಷ್ಟೇ ಅಲ್ವಾ ಎಂದು ಯಾರಿಗಾದರೂ ಅನ್ನಿಸುತ್ತದೆ. ಮನೆಯವರಿಗೂ ಹಾಗೇ ಅನ್ನಿಸಿತ್ತು. ರಜೆ ಹಾಕಿಸಿ ಧರ್ಮಸ್ಥಳಕ್ಕೆ ಕರೆದುಕೊಂಡು ಹೋದರು. ಅಲ್ಲಿ ಉಳಿದುಕೊಂಡ ರೂಮಿನಲ್ಲೂ ಇವರು ಬಕೆಟ್ಟಿಗೆ ಟಾರ್ಚ್ ಬಿಟ್ಟು ನೋಡಿದರಂತೆ.

ಬಕೆಟ್ ಯಾಕೆ ಎಂದು ಕೇಳಿದೆ. ಆಗ ನಿಜವಾದ ವಿಷಯ ಹೊರಬಂತು.

ಹಿಂದಿನ ಮಳೆಗಾಲದಲ್ಲಿ ಒಂದು ವಾರ್ಡಿನಲ್ಲಿ ಶಾಲೆಗೆ ಹೋಗುವ ಹುಡುಗಿಯೊಬ್ಬಳು ಡೆಂಗಿಯಿಂದ ತೀರಿಕೊಂಡಿದ್ದಳು. ಆ ತಿಂಗಳ ಸಾಮಾನ್ಯ ಸಭೆಯಲ್ಲಿ ಸದಸ್ಯರೊಬ್ಬರು ಮಗುವಿನ ಫೋಟೋ ಮೇಜಿನ ಮೇಲಿಟ್ಟು, "ಇದಕ್ಕೆ ಯಾರು ಹೊಣೆ? ಹೇಳಿ ಮೇಡಂ" ಎಂದರು. ಮೇಡಂ ಏನೂ ಹೇಳಲಿಲ್ಲ. ಸಭೆಯಲ್ಲಿದ್ದ ಬೇರೆ ಅಧಿಕಾರಿಗಳೂ ಬಾಯಿ ಬಿಡಲಿಲ್ಲ. ಅವತ್ತಿನಿಂದ ರಾತ್ರಿ ಊಟ ಮುಗಿಸಿ, ಒಬ್ಬರೇ ಆ ವಾರ್ಡಿಗೆ ಹೋಗಿ ಮನೆಮುಂದಿನ ಡ್ರಮ್ಮು ತೊಟ್ಟಿಗಳನ್ನು ನೋಡಿಬರುವ ಅಭ್ಯಾಸ ಹತ್ತಿತು. ಮನೆಗೆ ಬಂದು ತಮ್ಮ ಟ್ಯಾಂಕಿನ ಮುಚ್ಚಳ ಮತ್ತೆ ಮತ್ತೆ ಎತ್ತಿ ನೋಡುವುದು ಬೇರೆ.

ಇದು ಗೀಳು ಕಾಯಿಲೆಯೋ ಎಂದು ನಾನು ಯೋಚಿಸಿದೆ. ಆದರೆ ಮುಂಚೆ ಇಂಥದ್ದು ಏನೂ ಇರಲಿಲ್ಲ, ಶುರುವಾದದ್ದೇ ಆ ಸಭೆಯ ನಂತರ. ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ ಮಧ್ಯಮ ಮಟ್ಟದ ಖಿನ್ನತೆಯ ಅಂಕ ಬಂತು. ಸಾಯುವ ಯೋಚನೆ ಬರುತ್ತದಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ಕೆಲವು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರ ಬಳಿ ಹೋಗುವುದೆಂದು ಮಾತಾಯಿತು. ನಡುರಾತ್ರಿ ತೀರಾ ಕಷ್ಟವಾದರೆ ಇರಲಿ ಎಂದು ಟೆಲಿ ಮಾನಸ್ ಸಹಾಯವಾಣಿಯ 14416 ಅನ್ನು ಅವರ ಫೋನಿನಲ್ಲಿ ಹಾಕಿಸಿದೆ.

"ತಪ್ಪು ನಿಮ್ಮದಲ್ಲ ಬಿಡಿ" ಎಂದು ನಾನು ಹೇಳಲಿಲ್ಲ. ಅವರ ಸುತ್ತಲಿನವರೆಲ್ಲ ಅದನ್ನೇ ಹೇಳಿದ್ದರು, ಪ್ರಯೋಜನವಾಗಿರಲಿಲ್ಲ. ಬದಲಿಗೆ ಒಂದು ಹಾಳೆಯಲ್ಲಿ ದೊಡ್ಡ ವೃತ್ತ ಬರೆಸಿದೆ. ಆ ಸಾವಿಗೆ ಕಾರಣವಾದದ್ದನ್ನೆಲ್ಲ ಪಟ್ಟಿ ಮಾಡಿ, ಪ್ರತಿಯೊಂದಕ್ಕೂ ಪಾಲು ಕೊಡಬೇಕು. ತಮ್ಮ ಪಾಲು ಕೊನೆಗೆ. ಅತಿಯಾದ ತಪ್ಪಿತಸ್ಥ ಭಾವನೆಗೆ ನಾವು ಬಳಸುವ ಹಳೆಯ ವಿಧಾನ ಇದು.

ಪಟ್ಟಿ ಉದ್ದವಾಯಿತು. ಆ ವಾರ್ಡಿಗೆ ನಲ್ಲಿ ನೀರು ಬರುವುದು ಐದು ದಿನಕ್ಕೊಮ್ಮೆ. ಡ್ರಮ್ಮಿನಲ್ಲಿ ತುಂಬಿಡದೆ ಜನ ಏನು ಮಾಡಬೇಕು? ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಂಥ ತಿಳಿನೀರೇ ಬೇಕು, ಮೊಟ್ಟೆ ಹಾರುವ ಸೊಳ್ಳೆಯಾಗಲು ಒಂದು ವಾರ ಹತ್ತು ದಿನ ಸಾಕು. ನೀರು ಸರಬರಾಜು ಬೇರೆ ಎಂಜಿನಿಯರ್ ಕೈಯಲ್ಲಿದೆ. ಜ್ವರ ಬಂದವರ ಪಟ್ಟಿ ತಾಲ್ಲೂಕು ಆರೋಗ್ಯಾಧಿಕಾರಿ ಬಳಿ ಇರುತ್ತದೆ, ಮನೆಮನೆಗೆ ಹೋಗಿ ಲಾರ್ವಾ, ಅಂದರೆ ನೀರಿನಲ್ಲಿರುವ ಸೊಳ್ಳೆಮರಿಯ ಸಮೀಕ್ಷೆ ಮಾಡುವ ಆಶಾ ಕಾರ್ಯಕರ್ತೆಯರೂ ಆ ಇಲಾಖೆಯವರೇ. ಖಾಸಗಿ ಲ್ಯಾಬಿನ ಕಾರ್ಡ್ ಟೆಸ್ಟಿನಲ್ಲಿ ಪಾಸಿಟಿವ್ ಬಂದರೂ ಎಲೈಸಾ ಎಂಬ ರಕ್ತಪರೀಕ್ಷೆಯಲ್ಲಿ ಖಚಿತವಾಗದೆ ಸರ್ಕಾರಿ ಲೆಕ್ಕಕ್ಕೆ ಸೇರುವುದಿಲ್ಲ. ಹೀಗಾಗಿ ಊರಿನವರಿಗೆ ನಗರಸಭೆ ಸಂಖ್ಯೆ ಮುಚ್ಚಿಡುತ್ತಿದೆ ಅನ್ನಿಸುತ್ತದೆ, ಮೇಡಂಗೆ ಪಟ್ಟಿ ಸಿಗುವ ಹೊತ್ತಿಗೆ ರೋಗಿ ಹುಷಾರಾಗಿ ಮನೆಗೆ ಬಂದಿರುತ್ತಾನೆ. ಮಗುವನ್ನು ದೊಡ್ಡಾಸ್ಪತ್ರೆಗೆ ಒಯ್ದದ್ದು ತಡವಾಗಿತ್ತು. ಪಕ್ಕದಲ್ಲೇ ಕೆಲಸ ಅರ್ಧಕ್ಕೆ ನಿಂತುಹೋದ ಕಟ್ಟಡವೊಂದರ ತೊಟ್ಟಿಯಲ್ಲಿ ಮಳೆನೀರು ತುಂಬಿತ್ತು.

ಇಷ್ಟೆಲ್ಲ ಬರೆದ ಮೇಲೂ ಮೇಡಂ ತಮಗೊಂದು ಪಾಲು ಇಟ್ಟುಕೊಂಡರು. ಯಾವುದಕ್ಕೆ ಎಂದು ಕೇಳಿದರೆ, "ಹೊಗೆಗೆ" ಎಂದರು.

ಸದಸ್ಯರು ಫೋನ್ ಮಾಡಿ "ನಮ್ಮ ವಾರ್ಡಿಗೆ ಹೊಗೆ ಹೊಡೆಸಿ ಮೇಡಂ" ಅನ್ನುತ್ತಾರೆ. ಸೊಳ್ಳೆಗೆ ಹೊಗೆ ಹೊಡೆಯುವ ಈ ಫಾಗಿಂಗ್ ಕಣ್ಣಿಗೆ ಕಾಣುವ ಕೆಲಸ. ಸದ್ದು ಮಾಡುತ್ತದೆ, ಫೋಟೋಗೂ ಚೆನ್ನಾಗಿರುತ್ತದೆ. ಆದರೆ ಅದರಿಂದ ಸಾಯುವುದು ಆ ಹೊತ್ತಿಗೆ ಹಾರಾಡುವ ಸೊಳ್ಳೆ ಮಾತ್ರ, ಡ್ರಮ್ಮಿನೊಳಗಿನ ಲಾರ್ವಾಕ್ಕೆ ಏನೂ ಆಗುವುದಿಲ್ಲ. ಇದು ಮೇಡಂಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿದ್ದೂ, ಬೈಸಿಕೊಳ್ಳುವುದು ಬೇಡವೆಂದು, ಡ್ರಮ್ಮು ಖಾಲಿ ಮಾಡಿಸುತ್ತಿದ್ದ ಹುಡುಗರನ್ನು ಹೊಗೆ ಯಂತ್ರದ ಹಿಂದೆ ಕಳಿಸುತ್ತಿದ್ದರು. ಆ ಪಾಲನ್ನು ನಾನು ಅಳಿಸಲು ಹೋಗಲಿಲ್ಲ. ಅದು ನಿಜ, ಮತ್ತು ಇಡೀ ವೃತ್ತದಲ್ಲಿ ಅವರು ಬದಲಾಯಿಸಬಹುದಾದದ್ದು ಅದೊಂದೇ.

ಹಾಗಾಗಿ ನಮ್ಮ ಕೆಲಸ ಅಲ್ಲಿಂದ ಶುರುವಾಯಿತು. ಉಸಿರಾಟದ ಅಭ್ಯಾಸವನ್ನೂ ಹೇಳಿಕೊಟ್ಟೆ, ಸುಳ್ಳು ಯಾಕೆ ಹೇಳಲಿ, ಅವರಿಗೆ ಅದು ಹಿಡಿಸಲಿಲ್ಲ. ಹಿಡಿಸಿದ್ದು ಮಾತಿನ ತಾಲೀಮು. ನಾನು ಸದಸ್ಯನಾಗಿ ಜೋರು ಮಾಡುತ್ತಿದ್ದೆ, ಅವರು ಉತ್ತರ ಕೊಡುತ್ತಿದ್ದರು. ಮೊದಲು ವಿವರಣೆ ಮೇಲೆ ವಿವರಣೆ. ಉತ್ತರ ಉದ್ದವಾದಷ್ಟೂ ದನಿ ಇಳಿಯುತ್ತಿತ್ತು. ಕೊನೆಗೆ ನಿಂತದ್ದು ಇಷ್ಟು: "ಖಚಿತ ಪ್ರಕರಣ ಬಂದ ಮನೆ ಸುತ್ತ ಹೊಗೆ ಹೊಡೆಸ್ತೀವಿ ಸಾರ್. ಉಳಿದ ಕಡೆ ಡ್ರಮ್ಮು ನೋಡೋಕೆ ಹುಡುಗರು ಬರ್ತಾರೆ, ನೀವೂ ಜೊತೆಗೆ ಬನ್ನಿ." ಇದೇ ನಿಯಮವನ್ನು ಟಿಪ್ಪಣಿಯಾಗಿ ಬರೆದು ಪೌರಾಯುಕ್ತರ ಸಹಿ ಪಡೆಯಲು ಹೇಳಿದೆ. ಬಾಯಿಮಾತಿನ "ಆಗಲ್ಲ" ಅಧಿಕಾರಿಯ ಸೊಕ್ಕು ಅನ್ನಿಸಿಕೊಳ್ಳುತ್ತದೆ, ಫೈಲಿನಲ್ಲಿದ್ದರೆ ನಿಯಮವಾಗುತ್ತದೆ. ಐದು ದಿನದ ನೀರಿನ ವಿಷಯವೂ ಅದೇ ಟಿಪ್ಪಣಿಯಲ್ಲಿ ಇರಲಿ ಎಂದೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ನಗರದ ಮನೆಗೆ 400 ರೂಪಾಯಿ, ಕಟ್ಟಡದ ಜಾಗಕ್ಕೆ 2,000 ರೂಪಾಯಿ ದಂಡ ಇಟ್ಟಿತಲ್ಲ, ಆ ಎರಡನೆಯದನ್ನು ಒಂದು ಸಲ ಬಳಸಿ ನೋಡಿ ಎಂದೆ. ಡ್ರಮ್ಮು ಇಟ್ಟ ಬಡವರ ಮೇಲೆ ದಂಡ ಹಾಕುವುದು ಅವರಿಗೂ ಬೇಕಿರಲಿಲ್ಲ.

ರಾತ್ರಿಯ ಒಂಟಿ ತಪಾಸಣೆ ಒಂದೇ ದಿನಕ್ಕೆ ನಿಲ್ಲಲಿಲ್ಲ. ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಮ್ಮೆ, ಅದೂ ಬೆಳಕಿದ್ದಾಗ, ಆ ವಾರ್ಡಿನ ಹಿರಿಯ ಆರೋಗ್ಯ ನಿರೀಕ್ಷಕರ ಜೊತೆ. ಆತ ಇವರಿಗಿಂತ ಹಳಬ, "ಮೇಡಂಗೆ ಊರು ಗೊತ್ತಿಲ್ಲ" ಎಂದು ಹಿಂದಿನಿಂದ ಆಡುತ್ತಿದ್ದವರು. ಅವರಿಗೇ ಮನೆಗಳ ಲೆಕ್ಕ ಒಪ್ಪಿಸಲು ಹೇಳಿದೆ: ನೂರು ಮನೆಯಲ್ಲಿ ಎಷ್ಟು ಕಡೆ ಲಾರ್ವಾ ಸಿಕ್ಕಿತು ಎಂಬುದನ್ನು ವಾರವಾರ ಬರೆಯುವುದು. ವಾಟ್ಸಾಪಿನ ದೂರುಗಳಿಗಿಂತ ಈ ಅಂಕಿ ನಂಬಲು ಲಾಯಕ್ಕು. ರಾತ್ರಿ ಹತ್ತರ ಮೇಲೆ ಕರೆಗಳು ಸರದಿಯ ನಿರೀಕ್ಷಕರಿಗೆ ಹೋಗುವಂತೆ ವ್ಯವಸ್ಥೆಯಾಯಿತು.

ಹೆಚ್ಚು ಮಾತಾಡಿದ್ದು ಬೇರೆಯದರ ಬಗ್ಗೆ. ಮಗುವಿನ ಮನೆಗೆ ಹೋಗಿ ಕ್ಷಮೆ ಕೇಳಬೇಕು ಎಂಬುದು ಮೇಡಂ ಆಸೆ. ಹೋಗಬೇಡಿ ಎನ್ನುವುದು ಸುಲಭ, ಹೋಗಿ ಎನ್ನುವುದೂ ಸುಲಭ. ಅಲ್ಲಿ ಹೋಗಿ ನೀವು ಅತ್ತರೆ ಸಮಾಧಾನ ಮಾಡಬೇಕಾದವರು ಯಾರು ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ತಾಯಿನೇ" ಎಂದರು. ಹಗುರಾಗಲು ಹೋಗುವುದಾದರೆ ಈಗ ಬೇಡ, ಅವರಿಗೆ ಏನಾದರೂ ಕೊಡಲು ಇದ್ದಾಗ ಹೋಗಿ ಎಂದೆ. ಒಂದು ತಿಂಗಳು ಕಳೆದ ಮೇಲೆ ಅವರ ಬೀದಿಯಲ್ಲಿ ಡ್ರಮ್ಮುಗಳಿಗೆ ಮುಚ್ಚಳ ಹಂಚುವ ದಿನ ಹೋದರು. ತಾಯಿ ಮಾತಾಡಲಿಲ್ಲ. ಅಜ್ಜಿ ಮಾತ್ರ ಬೈದರು, ಚೆನ್ನಾಗಿಯೇ ಬೈದರು. ಕೇಳಿಸಿಕೊಂಡು ಬಂದೆ ಎಂದರು ಮೇಡಂ. ಅವತ್ತು ರಾತ್ರಿ ನಿದ್ದೆ ಬಂತಂತೆ.

ಈಗ ಪಿಎಚ್‌ಕ್ಯೂ ಅಂಕ ಇಳಿದಿದೆ, ಔಷಧಿ ಬೇಕಾಗಲಿಲ್ಲ. ಟ್ಯಾಂಕಿನ ಮುಚ್ಚಳ ದಿನಕ್ಕೊಮ್ಮೆ ಎತ್ತುತ್ತಾರೆ, ಅದಿರಲಿ ಬಿಡಿ ಎಂದಿದ್ದೇನೆ. ನೀರಿನ ಟಿಪ್ಪಣಿಗೆ ಉತ್ತರ ಬಂದಿಲ್ಲ. ಸಹಿ ಹಾಕಿದ ಪೌರಾಯುಕ್ತರಿಗೆ ವರ್ಗವಾಗಿದೆ, ಹೊಸಬರಿಗೆ ಹೊಗೆ ಇಷ್ಟವಂತೆ. ತಾವೂ ವರ್ಗ ಕೇಳಬೇಕಾ ಎಂಬ ಪ್ರಶ್ನೆಯನ್ನು ಮೇಡಂ ಎತ್ತಿದ್ದಾರೆ. ಅದಕ್ಕೆ ನಾನಿನ್ನೂ ಏನೂ ಹೇಳಿಲ್ಲ. ಮುಂಗಾರಿಗೆ ಮುಂಚೆ ಒಮ್ಮೆ ಬರುವವರಿದ್ದಾರೆ, ಹೊಸ ಪೌರಾಯುಕ್ತರ ಜೊತೆ ಆಡಬೇಕಾದ ಮಾತಿನ ತಾಲೀಮು ಅವತ್ತು.