ನೇಪಾಳದ ಕಸ್ಟಮ್ಸ್ ಕಂಪ್ಯೂಟರೀಕರಣವಾದ ಮೇಲೂ ಸರಕು ಬಿಡುಗಡೆಗೆ ಯಾಕಿಷ್ಟು ತಡ?

ಕಂಪ್ಯೂಟರು ಕಾಗದದ ಕೆಲಸವನ್ನು ಚುರುಕು ಮಾಡಿದೆ, ಆದರೆ ಬೆಲೆಯ ಬಗೆಗಿನ ಅಪನಂಬಿಕೆ ಹಾಗೇ ಉಳಿದಿದೆ. ಮುಖ್ಯ ಕಾರಣ ಇದೇ.

ನೇಪಾಳಕ್ಕೆ ಕಡಲಿಲ್ಲ. ಹಡಗಿನಲ್ಲಿ ಬಂದ ಕಂಟೇನರು ಕೋಲ್ಕತ್ತ, ಹಲ್ದಿಯಾ ಅಥವಾ ವಿಶಾಖಪಟ್ಟಣದಲ್ಲಿ ಇಳಿದು, ಹೆಚ್ಚಾಗಿ ಬಿಹಾರದ ಗಡಿ ಊರು ರಕ್ಸೌಲ್ ಮೂಲಕ ನೇಪಾಳದ ಬೀರಗಂಜ್ ಸೇರುತ್ತದೆ. ಅಂದರೆ ಒಂದೇ ಸರಕಿಗೆ ಎರಡು ದೇಶಗಳ ಕಸ್ಟಮ್ಸ್. ಈ ದಾರಿಯಲ್ಲಿ ಸುಧಾರಣೆ ನಿಜಕ್ಕೂ ಆಗಿದೆ: ಬಂದರಿನಲ್ಲೇ ಕಂಟೇನರಿಗೆ ಎಲೆಕ್ಟ್ರಾನಿಕ್ ಬೀಗ ಹಾಕಿ, ಗಡಿಯವರೆಗೂ ಉಪಗ್ರಹದ ಮೂಲಕ ಅದರ ಮೇಲೆ ಕಣ್ಣಿಡುವ ವ್ಯವಸ್ಥೆ ಬಂದಿದೆ.

ತೊಡಕು ಗಡಿ ತಲುಪಿದ ಮೇಲೆ. ಸರ್ಕಾರದ ತೆರಿಗೆ ವರಮಾನದ ದೊಡ್ಡ ಪಾಲು ವಸೂಲಾಗುವುದೇ ಅಲ್ಲಿ. ಇನ್‌ವಾಯ್ಸ್‌ನಲ್ಲಿ ಬೆಲೆ ಇಳಿಸಿ ತೋರಿಸಿದ್ದಾರೆ ಎಂಬ ಅನುಮಾನ ಅಧಿಕಾರಿಗೆ. ಅಧಿಕಾರಿ ಹೇಗೂ ಬೆಲೆ ಏರಿಸುತ್ತಾರಲ್ಲ ಎಂದು ಆಮದುದಾರರು ಮೊದಲೇ ಇಳಿಸಿ ಬರೆಯುತ್ತಾರೆ. ಹೀಗೆ ಪ್ರತಿ ಸರಕಿನ ಮೇಲೂ ಚೌಕಾಸಿ. ಇದನ್ನು ಯಾವ ತಂತ್ರಾಂಶವೂ ಬಗೆಹರಿಸಲಾರದು. ಆಹಾರ ಪರೀಕ್ಷೆ, ಸಸ್ಯ ಕ್ವಾರಂಟೈನ್ ಮುಂತಾದ ಅನುಮತಿಗಳನ್ನು ಒಂದೇ ಕಡೆ ಕೊಡಲು 2021ರಲ್ಲಿ ಏಕಗವಾಕ್ಷಿ ಶುರುವಾಯಿತು, ಒಳ್ಳೆಯ ಹೆಜ್ಜೆ; ಆದರೆ ಬೆಲೆಯ ಚೌಕಾಸಿ ಅದರಿಂದ ತೀರುವುದಿಲ್ಲ.

ಅಷ್ಟರಲ್ಲಿ ದಿನಗಳು ಓಡುತ್ತಿರುತ್ತವೆ. ಖಾಲಿ ಕಂಟೇನರು ಗಡುವಿನೊಳಗೆ ಬಂದರಿಗೆ ಮರಳದಿದ್ದರೆ ಹಡಗು ಕಂಪನಿ ದಿನದ ಲೆಕ್ಕದಲ್ಲಿ ಶುಲ್ಕ ಹಾಕುತ್ತದೆ. ಅದು ಕೊನೆಗೆ ಬೀಳುವುದು ಕೊಳ್ಳುವವರ ತಲೆಯ ಮೇಲೆಯೇ.